ಬಾತುಗಳು ಹೊಲಕ್ಕೆ ಹೊರಟ ಹೊತ್ತು

ಸಿಂಗಪುರಕ್ಕೆ ಹೋಗಿ ಬಂದ ತಂಗಿ, ಅಲ್ಲಿಯ ನೈಟ್ ಸಫಾರಿಯ ವಿಡಿಯೊಗಳನ್ನು ಮನೆಮಂದಿಯ ಗ್ರೂಪಿಗೆ ಒಂದರ ಹಿಂದೊಂದು ಹಾಕಿದಳು. 1994ರಲ್ಲಿ ಶುರುವಾದ ಆ ಉದ್ಯಾನ ಬಾಗಿಲು ತೆರೆಯುವುದೇ ಸಂಜೆ ಮೀರಿದ ಮೇಲಂತೆ. ಬೆಳದಿಂಗಳಿನಂಥ ಮಂದ ಬೆಳಕು, ಮೆಲ್ಲಗೆ ಸಾಗುವ ಟ್ರಾಮು, ಅದರೊಳಗೆ ಭುಜಕ್ಕೆ ಭುಜ ಹಚ್ಚಿ ಕೂತ ತಂಗಿ ಮತ್ತು ಅವಳ ಗಂಡ. ಒಂದು ಕತ್ತೆಕಿರುಬ ಇವರನ್ನೇ ನೋಡುತ್ತ ನಿಂತಿತ್ತು. ನಾನು ಫೋನನ್ನು ನಮ್ಮವರ ಮೂಗಿನ ಮುಂದೆ ಹಿಡಿದೆ.

“ಕತ್ತೆಕಿರುಬ ನಮ್ಮ ಕಪ್ಪತಗುಡ್ಡದಾಗೂ ಅದಾವು. ಅದಕ್ಕ ಪಾಸ್‌ಪೋರ್ಟ್ ಯಾಕ ಬೇಕು?” ಅಂದರು. ನನ್ನ ಮುಖ ನೋಡಿ ದನಿ ಇಳಿಸಿ, “ಶನಿವಾರ ಸಂಜಿಗೆ ನಾನs ಒಂದ್ ಕಡೆ ಕರಕೊಂಡ ಹೋಗ್ತೀನಿ. ಡೇಟ್ ಅಂತ ತಿಳಕೋ” ಅಂದರು.

ಮದುವೆಯಾಗಿ ಒಂಬತ್ತು ವರ್ಷಕ್ಕೆ ಮೊದಲ ಸಲ ಆ ಶಬ್ದ ಅವರ ಬಾಯಿಂದ ಬಂದದ್ದು. ನಾನು ಇಳಕಲ್ ಸೀರೆ ಉಟ್ಟೆ. ಮಗನನ್ನು ಅತ್ತೆಯ ಹತ್ತಿರ ಬಿಟ್ಟೆವು. “ಕತ್ತಲಾಗೂದ್ರಾಗ ಮನಿ ಸೇರ್ರಿ” ಅಂದರು ಅತ್ತೆ. ಕತ್ತಲಿಗಾಗಿಯೇ ಹೊರಟವರು ನಾವು, ಸುಮ್ಮನೆ ತಲೆಯಾಡಿಸಿದೆವು.

ಬೈಕು ನಿಂತದ್ದು ಮಾಗಡಿ ಕೆರೆಯ ದಂಡೆಯಲ್ಲಿ. ಗದಗಿನಿಂದ 26 ಕಿಲೋಮೀಟರ್. ಜನವರಿಯ ಚಳಿ, ಕಣ್ಣ ತುಂಬ ಧೂಳು. ನೀರಿನ ಮೇಲೆ ದೂರದಲ್ಲಿ ಬೂದು ಬಣ್ಣದ ಕಲ್ಲು ಸುರಿದ ಹಾಗೆ ಏನೋ ಇತ್ತು. “ಅವೇ” ಅಂದರು. ಪಟ್ಟೆತಲೆ ಹೆಬ್ಬಾತುಗಳು. ಒಂದೂ ಅಲುಗುತ್ತಿರಲಿಲ್ಲ.

ನಮ್ಮವರು ಹೈಸ್ಕೂಲಿನ ವಿಜ್ಞಾನ ಮಾಸ್ತರು. ಡೇಟು ಅಲ್ಲಿಗೆ ತರಗತಿಯಾಯಿತು. ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆಯಿಂದ ಹಿಮಾಲಯ ದಾಟಿ ಬರುತ್ತವೆ, 7,000 ಮೀಟರಿಗಿಂತ ಎತ್ತರದಲ್ಲಿ ಹಾರಿದ್ದೂ ದಾಖಲಾಗಿದೆ, ಅವುಗಳ ಹಿಮೋಗ್ಲೋಬಿನ್ ತೆಳುಗಾಳಿಯಲ್ಲೂ ಆಮ್ಲಜನಕ ಹಿಡಿಯುತ್ತದೆ, ಈ ಕೆರೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ… ನಾನು ನಡುವೆ ಬಾಯಿ ಹಾಕಿ, “ರೀ, ರೊಟ್ಟಿ ಚೀಲ ಎಲ್ಲೈತ್ರಿ?” ಅಂದೆ.

ಪಾಠ ನಿಂತಿತು. ಎಣ್ಣೆಗಾಯಿ, ಶೇಂಗಾ ಚಟ್ನಿ, ಥರ್ಮಾಸಿನ ಚಹಾ ಎಲ್ಲ ಇದ್ದ ಚೀಲ ಮನೆಯ ಬಾಗಿಲ ಮೊಳೆಗೆ ಜೋತಾಡುತ್ತಿತ್ತು. “ನೀ ತಗೊಂಡಿ ಅಂದ್ಕೊಂಡೆ” ಅಂದರು. ಎರಡು ಸಲ ಹೇಳಿದ್ದೆ ನಾನು. ಆಮೇಲೆ ಅರ್ಧ ತಾಸು ನಾನು ಮಾತಾಡಲಿಲ್ಲ. ಅವರು ದುರ್ಬೀನು ಕಣ್ಣಿಗೆ ಹಚ್ಚಿಕೊಂಡು ಕೂತರು. ಹೆಂಡತಿಯ ಸಿಟ್ಟಿನಿಂದ ಪಾರಾಗಲು ದುರ್ಬೀನಿನಷ್ಟು ಅನುಕೂಲದ ವಸ್ತು ಬೇರೆ ಇರಲಿಕ್ಕಿಲ್ಲ.

ಹೊತ್ತು ಮುಳುಗಿತು. ದೂರದ ಗಾಳಿ ಫ್ಯಾನುಗಳ ನೆತ್ತಿಯ ಮೇಲೆ ಕೆಂಪು ದೀಪಗಳು ಮಿಣಮಿಣ ಅನ್ನತೊಡಗಿದವು. ಅಷ್ಟರಲ್ಲಿ ಕೈಯಲ್ಲಿ ಬ್ಯಾಟರಿ, ತಲೆಗೆ ಟಾವೆಲ್ ಸುತ್ತಿದ ಹಿರಿಯರೊಬ್ಬರು ದಂಡೆಗುಂಟ ಬಂದರು. ಕಡಲೆ ಹೊಲ ಕಾಯಲು ಹೊರಟವರು.

“ಬಾತಕೋಳಿ ನೋಡಾಕ ಬಂದೀರೇನ್ರಿ?”

“ಹೌದ್ರೀ ಅಜ್ಜಾರ. ಅಲುಗಾಡವಲ್ಲವು.”

“ಹಗಲೆಲ್ಲಾ ಹಿಂಗ ಕುಂದರತಾವವ್ವಾ. ಈಗ ಏಳತಾವ ನೋಡ್ರಿ. ನಿಮಗ ನೋಡಾಕ ಚಂದ, ನಮ್ಮ ಹೊಲದಾಗ ಇಳದ ಮ್ಯಾಲೆ ನಮಗ ನಿದ್ದಿಲ್ಲ.”

ಅವರು ಇನ್ನೂ ಮಾತು ಮುಗಿಸಿರಲಿಲ್ಲ, ನೀರಿನ ಕಡೆಯಿಂದ ಮೂಗಿನಿಂದ ಎಳೆದಂಥ ಒಂದು ಕೂಗು ಬಂತು. ಇನ್ನೊಂದು ಅದಕ್ಕೆ ಓಗೊಟ್ಟಿತು. ಕಲ್ಲುಗಳಂತಿದ್ದವು ಎಲ್ಲ ಕತ್ತು ಎತ್ತಿದವು. ಒಂದು ಕ್ಷಣ ಬೆಳ್ಳನೆಯ ತಲೆಯ ಹಿಂದೆ ಎರಡು ಕರಿ ಪಟ್ಟೆಗಳು ನನ್ನ ಬರಿಗಣ್ಣಿಗೇ ಕಂಡವು, ಅಥವಾ ಕಂಡವೆಂದು ಈಗ ನಂಬಿದ್ದೇನೆ. ಮೊದಲು ಎಂಟೋ ಹತ್ತೋ ಎದ್ದವು. ಆಮೇಲೆ ಗುಂಪು, ಅದರ ಬೆನ್ನಿಗೆ ಮತ್ತೊಂದು ಗುಂಪು. ನಮ್ಮ ನೆತ್ತಿಯ ಮೇಲೇ ಹಾದವು. ನಾನು ನಿರೀಕ್ಷಿಸಿದ್ದು ಕೂಗನ್ನು. ಮೈ ಝುಮ್ಮೆಂದದ್ದು ರೆಕ್ಕೆಯ ಸದ್ದಿಗೆ. ಹೊಸ ಸೀರೆಯನ್ನು ಯಾರೋ ಮತ್ತೆ ಮತ್ತೆ ಕೊಡವಿದ ಹಾಗೆ. ಫೋನು ತೆಗೆದೆ. ವಿಡಿಯೊದಲ್ಲಿ ಉಳಿದದ್ದು ಬರೀ ಕಪ್ಪು, ಮತ್ತು “ಅಯ್ಯ, ನೋಡ್ರಿ ನೋಡ್ರಿ” ಎನ್ನುವ ನನ್ನದೇ ದನಿ.

ಅಜ್ಜ ಆಗಲೇ ಬಿರಬಿರನೆ ಹೊಲದ ಹಾದಿ ಹಿಡಿದಿದ್ದರು. ಹಿಂದೆಯೇ ಹೋದ ನಮ್ಮವರು ಅವರ ಬದುವಿನಿಂದ ಒಂದು ಕೈತುಂಬ ಸುಲಗಾಯಿ, ಅಂದರೆ ಹಸಿಕಡಲೆ ಗಿಡ ಇಸಿದುಕೊಂಡು ಬಂದರು. “ಬಾತು ತಿನ್ನೂದಕ್ಕಿಂತ ನೀವು ತಿನ್ರಿ ಅಂದ್ರು.” ಬೈಕಿನ ಸೀಟಿನ ಮೇಲೆ ಗಿಡ ಹರಡಿ, ಮೊಬೈಲಿನ ಬೆಳಕಿನಲ್ಲಿ ಸುಲಿಯುತ್ತ ತಿಂದೆವು. ಸೊಪ್ಪಿನ ಹುಳಿ ಬೆರಳಿಗೆಲ್ಲ ಅಂಟಿತ್ತು.

“ಸಿಂಗಪುರದ್ದು ಇನ್ನೂ ತಲಿಯಾಗ ಐತೇನು?” ಅಂತ ಕೇಳಿದರು.

“ಐತಿ” ಅಂದೆ. “ಅಲ್ಲಿಗೆ ಹೋಗೋ ಮುಂದ ಚೀಲ ನಾನs ಹಿಡಕೋತೀನಿ.”

ಕತ್ತಲ ಹೊಲದ ಆ ಬದಿಗೆ ಅಜ್ಜ ಖಾಲಿ ಡಬ್ಬಿ ಬಡಿಯತೊಡಗಿದ್ದರು.