ಟೆನ್ಷನ್ ಮಾತ್ರೆ ಅಭ್ಯಾಸವಾಗಿಬಿಡುತ್ತದೆಯೇ?

ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಔಷಧಿ ಅಂಗಡಿ ನಡೆಸುತ್ತಿದ್ದೇನೆ. ಈ ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಕೇಳಿದ್ದಿಲ್ಲ. ಉಳಿದ ಗಿರಾಕಿಗಳು ಹೊರಟುಹೋಗುವವರೆಗೆ ಕಾಯುತ್ತಾರೆ, ಚೀಟಿಯನ್ನು ಮಡಚಿಯೇ ಕೈಗಿಡುತ್ತಾರೆ, ಆಮೇಲೆ ಕೌಂಟರಿನ ಮೇಲೆ ಬಗ್ಗಿ ಕೇಳುತ್ತಾರೆ: “ಅಕ್ಕಾ, ಡಾಕ್ಟರು ಟೆನ್ಷನ್‌ಗೆಂದು ಬರೆದುಕೊಟ್ಟಿದ್ದಾರೆ. ತೆಗೆದುಕೊಂಡರೆ ಅಭ್ಯಾಸವಾಗಿಬಿಡುತ್ತದೆಯೇ?”

ಅಂಗಡಿಯಲ್ಲಿ ನಿಂತು ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ಉತ್ತರವಲ್ಲ ಇದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಎರಡು ವಾರಕ್ಕೆಂದು ಬರೆದದ್ದನ್ನು ಎರಡು ವಾರವೇ ತೆಗೆದುಕೊಂಡು, ವೈದ್ಯರು ಹೇಳಿದ ಹಾಗೆ ನಿಲ್ಲಿಸಿದರೆ ಹೆಚ್ಚಿನವರಿಗೆ ತೊಂದರೆಯಾಗುವುದಿಲ್ಲ. ಅದನ್ನೇ ತಿಂಗಳುಗಟ್ಟಲೆ ಎಳೆದರೆ ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ. ಒಂದು ಮಾತ್ರೆಯನ್ನೂ ಹೆಚ್ಚಿಗೆ ನುಂಗದೆ, ಬರೆದ ಪ್ರಮಾಣದಲ್ಲೇ ತೆಗೆದುಕೊಂಡವರಿಗೂ ಹೀಗಾಗುತ್ತದೆ. ಹಾಗೆ ಒಗ್ಗಿಕೊಂಡ ಮೇಲೆ ಒಂದು ದಿನ ಧೈರ್ಯ ಮಾಡಿ ಫಕ್ಕನೆ ಬಿಟ್ಟುಬಿಡುವುದಿದೆಯಲ್ಲ, ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಅದರದ್ದು.

ನಾನು ಹೇಳುತ್ತಿರುವುದು ಬೆಂಜೊಡಯಜೆಪೀನ್ ಎಂಬ ಗುಂಪಿನ ಔಷಧಿಗಳ ಬಗ್ಗೆ. ಅಲ್ಪ್ರಜೋಲಾಂ, ಕ್ಲೊನಾಜೆಪಾಂ, ಲೊರಾಜೆಪಾಂ, ಡಯಜೆಪಾಂ ಎಂಬ ಹೆಸರುಗಳನ್ನು ನಿಮ್ಮ ಸ್ಟ್ರಿಪ್ಪಿನ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ನೋಡಿರುತ್ತೀರಿ. ನಮ್ಮಲ್ಲಿ ತುಂಬಾ ಬಳಕೆಯಲ್ಲಿರುವ ಎಟಿಜೋಲಾಂ ಕೂಡ ಇವುಗಳ ಹತ್ತಿರದ ಬಂಧುವೇ. ಆತಂಕಕ್ಕೆ ಕೊಡುವ ಎಲ್ಲ ಔಷಧಿಗಳೂ ಈ ಗುಂಪಿಗೆ ಸೇರಿದವಲ್ಲ. ಎಸಿಟಲೋಪ್ರಾಂ, ಸರ್ಟ್ರಲೀನ್ ಮುಂತಾದವುಗಳ ಜಾತಿಯೇ ಬೇರೆ. ಅವನ್ನು ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕಾಗುತ್ತದೆ, ಅದರಲ್ಲಿ ತಪ್ಪಿಲ್ಲ. ಅವನ್ನೂ ತಾನಾಗಿ ಒಮ್ಮೆಲೇ ನಿಲ್ಲಿಸಬಾರದು, ಆದರೆ ಅದು ಬೇರೆಯೇ ವಿಷಯ.

ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕವಿದೆ. ನರಕೋಶಗಳ ಓಟವನ್ನು ತಗ್ಗಿಸುವುದು ಅದರ ಕೆಲಸ. ಈ ಮಾತ್ರೆಗಳು ಗಾಬಾ ಬಂದು ಕೂರುವ ಜಾಗದ ಪಕ್ಕದಲ್ಲೇ ಕುಳಿತು ಅದರ ಕೆಲಸಕ್ಕೆ ಬಲ ಕೊಡುತ್ತವೆ. ಆಗುಂಬೆ ಘಾಟಿ ಇಳಿಯುವ ಬಸ್ಸನ್ನು ನೆನೆಸಿಕೊಳ್ಳಿ. ಡ್ರೈವರ್ ಬ್ರೇಕ್ ಒತ್ತುತ್ತಿರುವಾಗ ಇನ್ನೊಬ್ಬ ಅದೇ ಬ್ರೇಕಿನ ಮೇಲೆ ತನ್ನ ಕಾಲನ್ನೂ ಇಟ್ಟು ಒತ್ತಿದ ಹಾಗೆ ಇದು. ಬಸ್ಸು ನಿಧಾನವಾಗುತ್ತದೆ, ಎದೆಯ ಡವಡವ ಇಳಿಯುತ್ತದೆ, ಕೈ ನಡುಕ ನಿಲ್ಲುತ್ತದೆ. ಆದರೆ ದಿನವೂ ಹೀಗೇ ನಡೆದರೆ ಡ್ರೈವರ್ ಮೆಲ್ಲಗೆ ತನ್ನ ಕಾಲನ್ನು ಸಡಿಲಿಸುತ್ತಾನೆ. ಅಷ್ಟು ಒತ್ತುವ ಅಗತ್ಯ ಅವನಿಗೆ ಕಾಣುವುದಿಲ್ಲ. ಮುಂದೊಂದು ದಿನ ಆ ಇನ್ನೊಬ್ಬ ಏಕಾಏಕಿ ಕಾಲು ತೆಗೆದರೆ? ಹದಿನಾಲ್ಕು ತಿರುವುಗಳ ಇಳಿಜಾರಿನಲ್ಲಿ ಬ್ರೇಕ್ ಹಿಡಿಯುವವರೇ ಇರುವುದಿಲ್ಲ. ಇದು ಮನಸ್ಸಿನ ದೌರ್ಬಲ್ಯದ ಮಾತಲ್ಲ. ಗಟ್ಟಿ ಮನಸ್ಸಿನ ಮನುಷ್ಯನ ಮಿದುಳೂ ಹೀಗೆಯೇ ಒಗ್ಗಿಕೊಳ್ಳುತ್ತದೆ.

ಹಾಗಾದರೆ ವೈದ್ಯರು ಯಾಕೆ ಬರೆಯುತ್ತಾರೆ? ಬರೆಯುವುದಕ್ಕೆ ಒಳ್ಳೆಯ ಕಾರಣಗಳೇ ಇವೆ. ತೀವ್ರ ಆತಂಕ ಬಂದವರಿಗೆ ಉಸಿರು ಕಟ್ಟಿದಂತಾಗುತ್ತದೆ, ಹೃದಯಾಘಾತವೇ ಆಯಿತೆಂದು ಆಸ್ಪತ್ರೆಗೆ ಓಡುತ್ತಾರೆ, ರಾತ್ರಿಯೆಲ್ಲ ಎದ್ದು ಕುಳಿತಿರುತ್ತಾರೆ. ಅಂಥವರಿಗೆ ಎಸಿಟಲೋಪ್ರಾಂ ಶುರು ಮಾಡಿದರೆ ಅದು ಹಿಡಿಯಲು ಎರಡರಿಂದ ಆರು ವಾರ ಬೇಕು. ಮೊದಲ ಕೆಲವು ದಿನ ಚಡಪಡಿಕೆ ಹೆಚ್ಚುವುದೂ ಉಂಟು. ಆ ನಡುವಿನ ದಿನಗಳನ್ನು ದಾಟಿಸಲು ಬೆಂಜೊಡಯಜೆಪೀನ್ ಹರಿಗೋಲಿನಂತೆ ಬರುತ್ತದೆ. ಅರ್ಧ ಗಂಟೆ, ಒಂದು ಗಂಟೆಯೊಳಗೆ ಮನುಷ್ಯನನ್ನು ಮನುಷ್ಯನನ್ನಾಗಿ ಮಾಡುತ್ತದೆ. ಅದನ್ನು ಬೇಡವೆನ್ನಲು ನನಗೆ ಮನಸ್ಸಿಲ್ಲ. ಹೆದರಿ ಮಾತ್ರೆಯನ್ನೇ ಮುಟ್ಟದೆ, ನಿದ್ದೆಯಿಲ್ಲದೆ ಸೊರಗಿಹೋದವರನ್ನೂ ನಾನು ಕಂಡಿದ್ದೇನೆ. ನನ್ನ ತಕರಾರು ಇಷ್ಟೇ: ಹರಿಗೋಲು ಹತ್ತಿಸುವಾಗ ಇಳಿಯುವ ದಡ ಯಾವುದೆಂದು ಯಾರೂ ಹೇಳುವುದಿಲ್ಲ, ಹತ್ತುವವರು ಕೇಳುವುದೂ ಇಲ್ಲ.

ಈ ತಿಳಿವಳಿಕೆ ಬರಲು ಜಗತ್ತಿಗೂ ಸಮಯ ಹಿಡಿಯಿತು. ಈ ಗುಂಪಿನ ಮೊದಲ ಔಷಧಿ ಲಿಬ್ರಿಯಂ 1960ರಲ್ಲಿ ಮಾರುಕಟ್ಟೆಗೆ ಬಂತು, 1963ರಲ್ಲಿ ವೇಲಿಯಂ ಬಂತು. ಅದಕ್ಕೆ ಮೊದಲು ಕೊಡುತ್ತಿದ್ದ ಬಾರ್ಬಿಟುರೇಟ್‌ಗಳು ಸ್ವಲ್ಪ ಹೆಚ್ಚಾದರೆ ಪ್ರಾಣವನ್ನೇ ತೆಗೆಯುತ್ತಿದ್ದವು. ಅವುಗಳ ಮುಂದೆ ಇವು ಎಷ್ಟೋ ವಾಸಿಯೆನಿಸಿ ವೈದ್ಯರು ಧಾರಾಳವಾಗಿ ಬರೆದರು. 1988ರಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಎರಡರಿಂದ ನಾಲ್ಕು ವಾರಕ್ಕಿಂತ ಹೆಚ್ಚು ಕೊಡಬೇಡಿ ಎಂದು ವೈದ್ಯರಿಗೆ ಸೂಚಿಸಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಈ ಎಲ್ಲ ಔಷಧಿಗಳ ಮೇಲೂ ಅವಲಂಬನೆಯ ಎಚ್ಚರಿಕೆಯನ್ನು ಚೌಕಟ್ಟು ಹಾಕಿ ಮುದ್ರಿಸಲು ಹೇಳಿತು. ಬಿಡದೆ ತೆಗೆದುಕೊಂಡರೆ ಕೆಲವು ದಿನಗಳಿಂದ ಕೆಲವು ವಾರಗಳೊಳಗೇ ದೇಹ ಒಗ್ಗಿಕೊಳ್ಳಬಹುದು ಎಂಬ ಮಾತು ಅದರಲ್ಲಿದೆ.

ಅಂಗಡಿಯಲ್ಲಿ ಜನ ಮೋಸಹೋಗುವುದು ಹೆಚ್ಚಾಗಿ ಎರಡು ಕಡೆ. ಮೊದಲನೆಯದು ಸ್ಟ್ರಿಪ್ಪಿನ ಮೇಲಿನ ಅಂಕಿ. “ಬರೀ ಪಾಯಿಂಟ್ ಫೈವ್ ಅಲ್ಲವೇ, ಅರ್ಧ ಮಿಲಿಗ್ರಾಂ ಏನು ಮಾಡೀತು?” ಎನ್ನುತ್ತಾರೆ. ಜ್ವರದ ಮಾತ್ರೆ 650 ಇರುವಾಗ ಇದು ಧೂಳಿನ ಕಣದಂತೆ ಕಾಣುವುದು ಸಹಜ. ಆದರೆ ಅರ್ಧ ಮಿಲಿಗ್ರಾಂ ಅಲ್ಪ್ರಜೋಲಾಂ ಅಥವಾ ಕ್ಲೊನಾಜೆಪಾಂ ಸುಮಾರು ಐದರಿಂದ ಹತ್ತು ಮಿಲಿಗ್ರಾಂ ಡಯಜೆಪಾಂಗೆ ಸಮ. ಅಂಕಿ ಚಿಕ್ಕದಿರುವುದು ಔಷಧಿ ಸೌಮ್ಯ ಎಂಬ ಕಾರಣಕ್ಕಲ್ಲ, ಅಷ್ಟು ಸಾಕು ಎಂಬ ಕಾರಣಕ್ಕೆ. ಎರಡನೆಯದು ಜೋಡಿ ಮಾತ್ರೆ. ಎಸಿಟಲೋಪ್ರಾಂ ಮತ್ತು ಕ್ಲೊನಾಜೆಪಾಂ ಎರಡನ್ನೂ ಒಂದೇ ಮಾತ್ರೆಯಲ್ಲಿ ಸೇರಿಸಿ ಮಾರುತ್ತಾರೆ. ಎದೆಬಡಿತ ತಗ್ಗಿಸುವ ಪ್ರೊಪ್ರನಲಾಲ್ ಜೊತೆಗೂ ಕ್ಲೊನಾಜೆಪಾಂ ಸೇರಿಸುತ್ತಾರೆ. ಎಸಿಟಲೋಪ್ರಾಂ ಅನ್ನು ತಿಂಗಳುಗಟ್ಟಲೆ ಮುಂದುವರಿಸಬೇಕು, ಕ್ಲೊನಾಜೆಪಾಂ ಅನ್ನು ಬೇಗ ಇಳಿಸಬೇಕು. ಒಂದೇ ಮಾತ್ರೆಯೊಳಗೆ ಕೂಡಿಹಾಕಿದ ಮೇಲೆ ಇಳಿಸುವುದು ಹೇಗೆ? “ನಾನು ನಿದ್ದೆ ಮಾತ್ರೆ ತೆಗೆದುಕೊಳ್ಳುವುದೇ ಇಲ್ಲ” ಎಂದು ಖಚಿತವಾಗಿ ಹೇಳುವ ಎಷ್ಟೋ ಜನ ಎರಡು ಮೂರು ವರ್ಷಗಳಿಂದ ಪ್ರತಿ ರಾತ್ರಿ ಕ್ಲೊನಾಜೆಪಾಂ ನುಂಗುತ್ತಿರುತ್ತಾರೆ. ದಯವಿಟ್ಟು ಇಂದೇ ಸ್ಟ್ರಿಪ್ಪಿನ ಹಿಂಬದಿ ಓದಿ.

ನನ್ನ ದೊಡ್ಡಮ್ಮನ ಕತೆ ಹೇಳುತ್ತೇನೆ. ದೊಡ್ಡಪ್ಪ ತೀರಿಕೊಂಡಾಗ ಅವರಿಗೆ ನಿದ್ದೆ ಬರಲೆಂದು ಅರ್ಧ ಮಿಲಿಗ್ರಾಂ ಅಲ್ಪ್ರಜೋಲಾಂ ಬರೆದಿದ್ದರು. ದುಃಖದ ಆ ದಿನಗಳಿಗೆ ಅದು ಸರಿಯೇ ಇತ್ತು. ಆದರೆ ತಿಥಿ, ವರ್ಷಾಂತಿಕ ಎಲ್ಲ ಕಳೆದರೂ ಮಾತ್ರೆ ನಿಲ್ಲಲಿಲ್ಲ. ಒಂಬತ್ತು ವರ್ಷ. ಪ್ರಮಾಣ ಏರಿಸಲಿಲ್ಲ, ಒಂದು ದಿನ ತಪ್ಪಿಸಲೂ ಇಲ್ಲ. ಬೆಳಿಗ್ಗೆ ಎದ್ದಾಗ ತಲೆ ಮಂಕು, ಹೆಸರುಗಳು ಮರೆಯುವುದು, ಬಚ್ಚಲಲ್ಲಿ ಎರಡು ಸಲ ಬಿದ್ದದ್ದು, ಎಲ್ಲವನ್ನೂ ವಯಸ್ಸಿನ ಲೆಕ್ಕಕ್ಕೆ ಬರೆದುಕೊಂಡೆವು. ವಯಸ್ಸಾದವರಲ್ಲಿ ಈ ಮಾತ್ರೆ ಬೀಳುವುದಕ್ಕೆ, ಸೊಂಟದ ಮೂಳೆ ಮುರಿಯುವುದಕ್ಕೆ ಕಾರಣವಾಗುತ್ತದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಮ್ಮ ಮನೆಯೊಳಗೆ ಅದನ್ನು ನೋಡಲಿಲ್ಲ.

ಆಮೇಲೆ ಕಾಶಿಯಾತ್ರೆಗೆ ಹೊರಟರು. ಸ್ಟ್ರಿಪ್ ಮನೆಯಲ್ಲೇ ಉಳಿಯಿತು. ರೈಲಿನಲ್ಲಿ ಎರಡನೆಯ ರಾತ್ರಿ ಕಣ್ಣು ಮುಚ್ಚಲಿಲ್ಲ. ಕೈ ನಡುಗಿ ನೀರಿನ ಲೋಟ ಜಾರಿತು, ಮೈಯೆಲ್ಲ ಬೆವರು, ಇರುವೆ ಹರಿದ ಹಾಗೆ ಚರ್ಮ, ಬೋಗಿಯ ದೀಪವನ್ನೂ ಸಹಿಸಲಾಗದು. ಜೊತೆಗಿದ್ದವರು ಬಿಸಿಲು ಬಡಿದಿದೆ ಎಂದರು. ಒಬ್ಬರು ದೃಷ್ಟಿ ತೆಗೆದರು. ಫೋನು ಬಂದಾಗ ನಾನು ಕೇಳಿದ್ದು ಒಂದೇ ಮಾತು: “ಮಾತ್ರೆ ತೆಗೆದುಕೊಂಡರೇ?” ಕಾಶಿಯಲ್ಲಿ ಒಬ್ಬ ವೈದ್ಯರಿಗೆ ತೋರಿಸಿ ಮತ್ತೆ ಶುರು ಮಾಡಿಸಿದೆವು. ಒಂದು ಗಂಟೆಯಲ್ಲಿ ಎಲ್ಲ ಇಳಿಯಿತು. ದೊಡ್ಡ ಪ್ರಮಾಣದಲ್ಲಿ ತೆಗೆದುಕೊಳ್ಳುತ್ತಿದ್ದು ಹೀಗೆ ಹಠಾತ್ತಾಗಿ ನಿಲ್ಲಿಸಿದವರಿಗೆ ಫಿಟ್ಸ್ ಬರಬಹುದು, ಸನ್ನಿ ಹಿಡಿಯಬಹುದು, ಪ್ರಾಣವೂ ಹೋಗಬಹುದು. ದೊಡ್ಡಮ್ಮ ಅಷ್ಟರಮಟ್ಟಿಗೆ ಪಾರಾದರು.

ಊರಿಗೆ ಬಂದ ಮೇಲೆ ಅವರು ಹೇಳಿದ ಮಾತನ್ನು ನಾನು ಮರೆತಿಲ್ಲ. “ನೋಡಿದೆಯಾ ಪುಟ್ಟೀ, ನನ್ನ ಕಾಯಿಲೆ ಇನ್ನೂ ಹೋಗಿಲ್ಲ. ಎರಡು ದಿನ ಬಿಟ್ಟದ್ದಕ್ಕೇ ಹೀಗಾಯಿತು. ಈ ಮಾತ್ರೆ ಇಲ್ಲದೆ ನಾನಿಲ್ಲ.” ಅವಲಂಬನೆಯ ಬಲೆ ಇರುವುದೇ ಇಲ್ಲಿ. ಮಾತ್ರೆ ಬಿಟ್ಟದ್ದರಿಂದ ಬಂದ ಆತಂಕ ಹಳೆಯ ಆತಂಕದ ವೇಷದಲ್ಲೇ ಬರುತ್ತದೆ. ಅದೇ ಎದೆಬಡಿತ, ಅದೇ ನಿದ್ದೆಗೇಡು. ಕಾಯಿಲೆ ಮರಳಿತೆಂದು ಹೆದರಿ ಮತ್ತೆ ನುಂಗುತ್ತಾರೆ, ನುಂಗಿದೊಡನೆ ಇಳಿಯುತ್ತದೆ, ನಂಬಿಕೆ ಇನ್ನಷ್ಟು ಬಲವಾಗುತ್ತದೆ. ಅಲ್ಪ್ರಜೋಲಾಂನಂತೆ ಬೇಗ ಇಳಿದುಹೋಗುವ ಮಾತ್ರೆಗಳಲ್ಲಿ ಇದು ಹೆಚ್ಚು. ಮುಂದಿನ ಮಾತ್ರೆಯ ಹೊತ್ತು ಹತ್ತಿರವಾದಂತೆ ಗಡಿಯಾರ ನೋಡಲು ಶುರುಮಾಡುತ್ತಾರೆ.

ದೊಡ್ಡಮ್ಮನನ್ನು ಮನೋವೈದ್ಯರ ಬಳಿ ಕರೆದುಕೊಂಡು ಹೋದೆವು. ಅವರು ಬೈಯಲಿಲ್ಲ, ಅವಸರವನ್ನೂ ಮಾಡಲಿಲ್ಲ. ದೇಹದಲ್ಲಿ ಹೆಚ್ಚು ಹೊತ್ತು ಉಳಿಯುವ ಡಯಜೆಪಾಂಗೆ ಮೊದಲು ಬದಲಾಯಿಸಿದರು, ಆಮೇಲೆ ಇಳಿಸತೊಡಗಿದರು. ಒಂದು ಸಲಕ್ಕೆ ಹತ್ತರಲ್ಲಿ ಒಂದು ಪಾಲು, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ. ಮೈ ಹೊಂದಿಕೊಳ್ಳುವವರೆಗೆ ಎರಡು ವಾರ, ಮೂರು ವಾರ ಅದೇ ಪ್ರಮಾಣ. ಆಮೇಲೆ ಇನ್ನೊಂದು ಮೆಟ್ಟಿಲು. ನಡುವೆ ಮಳೆಗಾಲದಲ್ಲಿ ಒಂದು ತಿಂಗಳು ಇಳಿಸದೆ ಹಾಗೇ ನಿಂತರು. ಒಟ್ಟು ಹನ್ನೊಂದು ತಿಂಗಳು ಹಿಡಿಯಿತು. ಪಂಚಾಂಗದ ಕ್ಯಾಲೆಂಡರಿನಲ್ಲಿ ಏಕಾದಶಿಯ ಪಕ್ಕದಲ್ಲೇ ಅರ್ಧ, ಕಾಲು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಡುತ್ತಿದ್ದರು. ಈಗಲೂ ಕೆಲವು ರಾತ್ರಿ ಅವರಿಗೆ ನಿದ್ದೆ ಬರುವುದಿಲ್ಲ. ಆದರೆ ಬೆಳಿಗ್ಗೆ ಮೊಮ್ಮಕ್ಕಳ ಹೆಸರು ತಪ್ಪುವುದಿಲ್ಲ.

ಇದನ್ನು ಓದಿ ಯಾರೂ ಮನೆಯಲ್ಲಿ ತಾವೇ ಬ್ಲೇಡು ಹಿಡಿದು ಮಾತ್ರೆ ಕತ್ತರಿಸಲು ಕೂರಬಾರದು. ಯಾವ ಲೆಕ್ಕದಲ್ಲಿ ಇಳಿಸಬೇಕು ಎಂಬುದು ವಯಸ್ಸು, ಪ್ರಮಾಣ, ಎಷ್ಟು ವರ್ಷ ತೆಗೆದುಕೊಂಡಿದ್ದಾರೆ, ಬೇರೆ ಕಾಯಿಲೆ ಏನಿದೆ ಎಂಬುದನ್ನು ಅವಲಂಬಿಸಿದೆ. ಫಿಟ್ಸ್ ಕಾಯಿಲೆಗೆ ಕ್ಲೊನಾಜೆಪಾಂ, ಕ್ಲೊಬಜಾಂ ತೆಗೆದುಕೊಳ್ಳುವವರಂತೂ ಈ ಬರಹವನ್ನು ತಮಗೆ ಅನ್ವಯಿಸಿಕೊಳ್ಳಲೇಬಾರದು. ಅವರಿಗೆ ಅದು ದೀರ್ಘಕಾಲ ಬೇಕಾಗಬಹುದು.

ಮದ್ಯದ ಬಗ್ಗೆ ಖಡಾಖಂಡಿತವಾಗಿ ಹೇಳುತ್ತೇನೆ. ಈ ಮಾತ್ರೆ ತೆಗೆದುಕೊಳ್ಳುವ ದಿನಗಳಲ್ಲಿ ಒಂದು ಗುಟುಕೂ ಬೇಡ. ಎರಡೂ ಒಂದೇ ಬ್ರೇಕನ್ನು ಒತ್ತುತ್ತವೆ, ಉಸಿರಾಟ ನಿಂತುಹೋಗುವಷ್ಟು ಒತ್ತುತ್ತವೆ. ಟ್ರಮಡಾಲ್‌ನಂಥ ಬಲವಾದ ನೋವಿನ ಔಷಧಿ, ಕೊಡೀನ್ ಇರುವ ಕೆಮ್ಮಿನ ಸಿರಪ್ಪು ಜೊತೆಯಾದರೂ ಇದೇ ಅಪಾಯ. ಗೊರಕೆ ಹೊಡೆಯುತ್ತಾ ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆ ಇದ್ದವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಬೈಕು ಓಡಿಸುವವರಿಗೆ, ಅಡಿಕೆ ಮರ ಹತ್ತುವವರಿಗೆ ನಾನು ಪ್ರತ್ಯೇಕವಾಗಿ ಹೇಳಿಯೇ ಸ್ಟ್ರಿಪ್ ಕೊಡುತ್ತೇನೆ.

ನನ್ನ ತಪ್ಪನ್ನೂ ಹೇಳಬೇಕು. ಅಂಗಡಿ ಇಟ್ಟ ಮೊದಲ ವರ್ಷಗಳಲ್ಲಿ ಪರಿಚಯದವರು ಹಳೆಯ ಚೀಟಿ ತಂದರೆ, ಚೀಟಿಯೇ ಇಲ್ಲದೆ ಖಾಲಿ ಸ್ಟ್ರಿಪ್ ತೋರಿಸಿದರೆ, ಕೊಟ್ಟುಬಿಡುತ್ತಿದ್ದೆ. ಕಷ್ಟದಲ್ಲಿದ್ದಾರೆ, ಪಾಪ, ಎಂದುಕೊಳ್ಳುತ್ತಿದ್ದೆ. 2014ರ ಮಾರ್ಚ್‌ನಿಂದ, ಚೀಟಿಯಿಲ್ಲದೆ ಮಾರಬಾರದ ಔಷಧಿಗಳ ಎಚ್1 ಪಟ್ಟಿ ಜಾರಿಗೆ ಬಂತು. ಅಲ್ಪ್ರಜೋಲಾಂ, ಡಯಜೆಪಾಂ ಅದರಲ್ಲಿವೆ. ಬರೆದ ವೈದ್ಯರು, ರೋಗಿ, ಔಷಧಿ, ಎಷ್ಟು ಮಾತ್ರೆ, ಎಲ್ಲವನ್ನೂ ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಆ ಪುಸ್ತಕದಲ್ಲಿ ಕೈಯಾರೆ ಹೆಸರು ಬರೆಯಲು ಶುರುಮಾಡಿದ ಮೇಲೆಯೇ ಒಂದೇ ಹೆಸರು ತಿಂಗಳು ತಿಂಗಳೂ ಬರುವುದು ನನ್ನ ಕಣ್ಣಿಗೆ ಬಿತ್ತು. ಚೀಟಿ ಇಲ್ಲದೆ ಕೊಡುವುದಿಲ್ಲ ಎಂದಾಗ ಈಗಲೂ ಕೆಲವರು ಮುನಿಸಿಕೊಂಡು ಹೋಗುತ್ತಾರೆ. ಹೋಗಲಿ.

ಹಾಗಾಗಿ ಚೀಟಿ ಹಿಡಿದು ಬಂದವರಿಗೆ ನಾನು ಹೇಳುವುದು: ವೈದ್ಯರ ಕೋಣೆಯಿಂದ ಎದ್ದು ಬರುವ ಮೊದಲೇ “ಇದನ್ನು ಯಾವತ್ತು ನಿಲ್ಲಿಸಬೇಕು?” ಎಂದು ಕೇಳಿ, ಆ ತಾರೀಖನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ. ದಿನವೂ ಬೇಕೋ, ತಡೆಯಲಾಗದಾಗ ಮಾತ್ರವೋ ಎಂದೂ ಕೇಳಿ. ಕೇಳಿದರೆ ವೈದ್ಯರು ಬೇಸರಪಡುವುದಿಲ್ಲ. ಹೊರಗೆ ನಲವತ್ತು ಜನ ಕಾಯುತ್ತಿರುವಾಗ ಅವರಿಗೂ ಅದನ್ನು ಹೇಳಲು ಮರೆಯುತ್ತದೆ.

ಕಳೆದ ತಿಂಗಳು ಒಬ್ಬ ಹುಡುಗ ಬಂದ. ಹದಿನಾಲ್ಕು ದಿನಕ್ಕೆ ಬರೆದಿದ್ದರು, ಮೇಲೆ ನಿಲ್ಲಿಸುವ ತಾರೀಖೂ ಇತ್ತು. ತಡೆಯಲಾಗದ ದಿನಗಳಲ್ಲಷ್ಟೇ ತೆಗೆದುಕೊಂಡು, ವೈದ್ಯರಿಗೆ ಮತ್ತೆ ತೋರಿಸಿ, ಬಿಟ್ಟಿದ್ದ. ಕೈಯಲ್ಲಿ ಉಳಿದ ಆರು ಮಾತ್ರೆಗಳಿದ್ದವು. “ಅಕ್ಕಾ, ತಂಗಿಗೆ ಪರೀಕ್ಷೆಯ ಭಯ, ರಾತ್ರಿ ಅಳುತ್ತಾಳೆ. ಇದನ್ನು ಅವಳಿಗೆ ಕೊಡಲೇ?” ಎಂದು ಕೇಳಿದ. ಬೇಡವೆಂದೆ. ಸ್ಟ್ರಿಪ್ ತೆಗೆದುಕೊಂಡು ಅವಧಿ ಮೀರಿದ ಔಷಧಿಗಳ ಡಬ್ಬಕ್ಕೆ ಹಾಕಿ, ಅವನ ಚೀಟಿಯ ಹಿಂದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಬರೆದುಕೊಟ್ಟೆ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ, ಅವಳೇ ಫೋನು ಮಾಡಲಿ ಎಂದೆ. ಅವನು ಅಲ್ಲೇ ಅಂಗಡಿಯ ಮೆಟ್ಟಿಲ ಮೇಲೆ ನಿಂತು ತಂಗಿಗೆ ಫೋನು ಹಚ್ಚಿದ.