ಏರ್ ಫಿಲ್ಟರ್‌ಗೇ 10 ಎಚ್‌ಪಿ!

ಬರೀ ಏರ್ ಫಿಲ್ಟರ್ ಬದಲಾಯಿಸಿದ 1.5 ಲೀಟರ್ ಪೆಟ್ರೋಲ್ ಸೆಡಾನ್ ಡೈನೋ (ಚಕ್ರಗಳನ್ನು ರೋಲರ್ ಮೇಲೆ ಓಡಿಸಿ ಪವರ್ ಅಳೆಯುವ ಯಂತ್ರ) ಮೇಲೆ 88 ಎಚ್‌ಪಿ ತೋರಿಸಿತು. ಹಿಂದಿನ ದಿನ ಹಳೇ ಫಿಲ್ಟರಿನಲ್ಲಿ ತೆಗೆದ ಬೇಸ್‌ಲೈನ್ 78. ಎರಡನೇ ರನ್ ಹೊಡೆದೆವು, 88. ಮೂರನೆಯದೂ ಅಷ್ಟೇ. "ಅಣ್ಣ, ಫಿಲ್ಟರ್‌ಗೇ ಇಷ್ಟಾ?" ಅಂತ ಗಿರಾಕಿ ಸ್ಕ್ರೀನಿನ ಫೋಟೊ ತೆಗೆದು ಆಗಲೇ ಗ್ರೂಪಿಗೆ ಹಾಕಿಯಾಗಿತ್ತು. ಮೂರೂ ರನ್ ಒಂದೇ ಬಂತಲ್ಲ, ಸರಿ ಇರಬೇಕು ಅಂದುಕೊಂಡಿದ್ದು ನನ್ನ ತಪ್ಪು.

ಅನುಮಾನ ಬಂದು ಎರಡೂ ಫೈಲ್ ತೆರೆದು, ಕರೆಕ್ಷನ್ (ಆ ದಿನದ ಹವೆಗೆ ತಕ್ಕಂತೆ ಪವರ್ ತಿದ್ದುವ ಲೆಕ್ಕ) ತೆಗೆದು ಅನ್‌ಕರೆಕ್ಟೆಡ್‌ಗೆ ಹಾಕಿದರೆ, ಎರಡು ಗೆರೆಗಳೂ ಒಂದರ ಮೇಲೊಂದು ಕೂತವು. ಎರಡು ದಿನವೂ 78. ಗಿರಾಕಿ ಬೆನ್ನ ಹಿಂದೆಯೇ ನಿಂತಿದ್ದರು.

ಹಿಂದಿನ ದಿನ ಆ ಲೆಕ್ಕಕ್ಕೆ ಗಾಳಿಯ ಒತ್ತಡ, ಉಷ್ಣತೆ ಓದಿಕೊಡುವ ವೆದರ್ ಸ್ಟೇಷನ್ ಕೈಕೊಟ್ಟಿತ್ತು. ಹುಡುಗ ಮೊಬೈಲ್ ಆ್ಯಪ್ ನೋಡಿ 1012 ಮಿಲಿಬಾರ್ ಅಂತ ಟೈಪ್ ಮಾಡಿದ್ದ. ಆ್ಯಪ್ ಕೊಡುವುದು ಸಮುದ್ರಮಟ್ಟಕ್ಕೆ ಲೆಕ್ಕಹಾಕಿದ ಒತ್ತಡ. ಬೆಂಗಳೂರು ಇರುವುದು ಸುಮಾರು 920 ಮೀಟರ್ ಎತ್ತರದಲ್ಲಿ, ಡೈನೋ ಕೋಣೆಯೊಳಗೆ ನಿಜಕ್ಕೂ ಇರುವುದು 912ರ ಆಸುಪಾಸು. 25 ಡಿಗ್ರಿ, 60% ಆರ್ದ್ರತೆಗೆ ಎಸ್‌ಎಇ ಜೆ1349 ಎಂಬ ಕರೆಕ್ಷನ್ ಸೂತ್ರದಲ್ಲಿ 1012 ಹಾಕಿದರೆ ಅಳೆದ ಪವರನ್ನು ಗುಣಿಸುವ ಫ್ಯಾಕ್ಟರ್ 1.00, 912 ಹಾಕಿದರೆ 1.13. ಮರುದಿನ ಕೇಬಲ್ ಸರಿಮಾಡಿದಾಗ ಸ್ಟೇಷನ್ ಸರಿಯಾದ ಒತ್ತಡವನ್ನೇ ಓದಿತು. 78ನ್ನು 1.13ರಿಂದ ಗುಣಿಸಿದ್ದೇ ಆ 88. ಫಿಲ್ಟರ್ ಕೊಟ್ಟಿದ್ದು ಸೊನ್ನೆ. ಸ್ಪೇರ್ ಸೆನ್ಸರ್ ಕೇಳಿ ವರ್ಷವಾಯಿತು, ಡೈನೋ ಕೋಣೆಗೆ ಹೊಸ ಎಲ್‌ಇಡಿ ಬೋರ್ಡ್ ಮಾತ್ರ ಬಂದಿದೆ.

ಟರ್ಬೊ ಗಾಡಿಗಾದರೆ ಇದೇ 1.13 ಇನ್ನೊಂದು ಥರ ಮೋಸ ಮಾಡುತ್ತದೆ. ಎತ್ತರದಲ್ಲಿ ಗಾಳಿ ತೆಳುವಾದರೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಟರ್ಬೊ ಬೂಸ್ಟ್ ಏರಿಸಿ, ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡವನ್ನು ಬಹುಪಾಲು ಸರಿದೂಗಿಸಿಕೊಳ್ಳುತ್ತದೆ. ಕಳೆದುಕೊಳ್ಳದ ಪವರನ್ನು ಸೂತ್ರ ವಾಪಸ್ ಕೊಡುತ್ತದೆ: ತಿದ್ದುವ ಮೊದಲು 100 ಇದ್ದದ್ದು ಪ್ರಿಂಟಿನಲ್ಲಿ 113. ರೀಮ್ಯಾಪ್ (ಇಸಿಯು ಸಾಫ್ಟ್‌ವೇರ್ ಬದಲಾವಣೆ) ಹೋಲಿಸುವಾಗ ಅನ್‌ಕರೆಕ್ಟೆಡ್ ಶೀಟೂ ಕೇಳಿ ತೆಗೆದುಕೊಳ್ಳಿ.

ಸೆನ್ಸರ್ ಎಲ್ಲಿ ನೇತುಹಾಕಿದ್ದೀರಿ ಅನ್ನುವುದೂ ಲೆಕ್ಕಕ್ಕಿದೆ. ಬಾನೆಟ್ ಪಕ್ಕದ ಬಿಸಿಗಾಳಿ ಬಡಿದು 30ರ ಬದಲು 40 ಡಿಗ್ರಿ ಓದಿದರೆ ಬಿಟ್ಟಿ 2%. ಅದು ಎಂಜಿನ್ ಉಸಿರಾಡುವ ಗಾಳಿಯ ದಾರಿಯಲ್ಲಿ, ಫ್ಯಾನಿನ ಹಿಂಬದಿಗೆ ಇರಲಿ.

ಟೈರ್ ತಣ್ಣಗಿದ್ದಾಗಲೇ 35 ಪಿಎಸ್‌ಐ, ಬೇಸ್‌ಲೈನಿಗೂ ಆಮೇಲಿನ ರನ್ನಿಗೂ ಅಷ್ಟೇ. ಗಾಡಿ ಕಟ್ಟುವ ಸ್ಟ್ರಾಪ್ ಎರಡು ಹಲ್ಲು ಹೆಚ್ಚು ಬಿಗಿದರೂ ಟೈರು ರೋಲರಿಗೆ ಅಮುಕಿ ಪವರ್ ತಿನ್ನುತ್ತದೆ. ಬಿಗಿದ ಜಾಗಕ್ಕೆ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ. ಎಂಜಿನ್ ಆಯಿಲ್ 90 ಡಿಗ್ರಿ ಮುಟ್ಟುವವರೆಗೆ ರನ್ ಬೇಡ. ಪ್ರತಿ ರನ್ನೂ ಒಂದೇ ಗೇರಿನಲ್ಲಿ (ಸಾಮಾನ್ಯವಾಗಿ 1:1ಕ್ಕೆ ಹತ್ತಿರದ್ದು), ಇಎಸ್‌ಪಿ (ಗಾಡಿ ಜಾರದಂತೆ ತಡೆಯುವ ವ್ಯವಸ್ಥೆ) ಆಫ್. ಒಬಿಡಿಯಲ್ಲಿ (ಗಾಡಿಯ ಡಯಾಗ್ನೋಸ್ಟಿಕ್ ಪೋರ್ಟ್) ಎಂಜಿನ್ ಎಳೆಯುವ ಗಾಳಿಯ ಟೆಂಪರೇಚರ್ ನೋಡಿ, ಹಿಂದಿನ ರನ್ ಶುರುವಾದ ಅಂಕಿಗೆ ಎರಡು ಮೂರು ಡಿಗ್ರಿಯೊಳಗೆ ಇಳಿದ ಮೇಲೆ ಮಾತ್ರ ಥ್ರಾಟಲ್ ಒತ್ತಿ. ಆತುರಪಟ್ಟರೆ ಇಸಿಯು ಸ್ಪಾರ್ಕ್ ಟೈಮಿಂಗ್ ಹಿಂದೆಳೆದು, ಮೂರನೇ ರನ್ ಸುಮ್ಮನೆ ಕುಸಿಯುತ್ತದೆ.

ಆರ್‌ಪಿಎಂ ಸಿಗ್ನಲ್ ತಪ್ಪಿದ್ದರೆ ಪವರ್ ಸರಿಯಾಗೇ ಬರುತ್ತದೆ, ಅದು ರೋಲರಿನ ಲೆಕ್ಕ. ಟಾರ್ಕ್ ಮಾತ್ರ ಸುಳ್ಳು. ಇನ್ನು ಚಕ್ರದಲ್ಲಿ ಅಳೆದ ಅಂಕಿಗೆ ಕಣ್ಣುಮುಚ್ಚಿ 15% ಸೇರಿಸಿ ಕ್ರ್ಯಾಂಕ್ ಎಚ್‌ಪಿ (ಎಂಜಿನ್ನಿನದೇ ಪವರ್) ಅಂತ ಬರೆದುಕೊಡುವ ಶೀಟನ್ನು ಅಲ್ಲೇ ಬಿಟ್ಟು ಬನ್ನಿ.

ಆ 88ರ ಫೋಟೊ ಗ್ರೂಪಿನಿಂದ ಹೋಗಿಲ್ಲ. ಅದೇ ಫಿಲ್ಟರ್ ಸ್ಟಾಕ್ ಇದೆಯಾ ಅಂತ ಈಗಲೂ ಫೋನ್ ಬರುತ್ತದೆ.