ಬ್ರೂನೊ ತೂಕ: 41ರಿಂದ 37ಕ್ಕೆ ಬಂತು

ಈ ಭಾನುವಾರ ನಮ್ಮ ಲ್ಯಾಬ್ರಡಾರ್ ಬ್ರೂನೊ 37.2 ಕೆಜಿ ತೂಗಿದ. ತೂಕ ಇಳಿಸಲು ಶುರು ಮಾಡಿದಾಗ 41 ಇತ್ತು, ಗುರಿ 32. ಪಕ್ಕೆ ಮೇಲೆ ಕೈಯಾಡಿಸಿದರೆ ಎಲುಬು ಸಿಗುತ್ತಿದೆ. ಮೊದಲು ಒತ್ತಿ ಹುಡುಕಿದರೂ ಸಿಗುತ್ತಿರಲಿಲ್ಲ, ಅದಕ್ಕೇ ಇಷ್ಟು ಖುಷಿ.

ನಾಯಿಯ ಮೈಕಟ್ಟಿಗೆ ಡಾಕ್ಟ್ರು 1ರಿಂದ 9ರವರೆಗೆ ಅಂಕ ಕೊಡುತ್ತಾರೆ. 4 ಅಥವಾ 5 ಇದ್ದರೆ ಸರಿಯಾದ ಮೈ. ಬ್ರೂನೊಗೆ 8 ಸಿಕ್ಕಿತ್ತು, ಈಗ 7. ಮೊದಲೇ ಥೈರಾಯ್ಡ್ ಪರೀಕ್ಷೆ ಮಾಡಿಸಿದೆವು, ಏನೂ ತೊಂದರೆ ಇರಲಿಲ್ಲ. ಬರೀ ಊಟದ್ದೇ ಲೆಕ್ಕ.

ತೂಕ ನೋಡುವುದು ನಮ್ಮ ಬೀದಿಯ ಅಕ್ಕಿ ಅಂಗಡಿಯಲ್ಲಿ, ಮೂಟೆ ತೂಗುವ ಮಷಿನ್ ಮೇಲೆ. ಅಂಗಡಿ ಅಣ್ಣ ಬಾಗಿಲು ತೆಗೆದ ಕೂಡಲೇ ಹೋಗುತ್ತೇವೆ. ಹೊಟ್ಟೆ ಖಾಲಿ ಇರಬೇಕು, ಪ್ರತಿ ಸಲ ಅದೇ ಮಷಿನ್ ಆಗಬೇಕು. ನಾಯಿಗೆ ವಾರಕ್ಕೆ ಮೈತೂಕದ 1ರಿಂದ 2 ಪರ್ಸೆಂಟ್ ಇಳಿದರೆ ಸಾಕು. ಅದಕ್ಕಿಂತ ಅವಸರ ಬೇಡ.

ಊಟ ಲೆಕ್ಕ ಹಾಕಿದ್ದು ಈಗಿನ ತೂಕಕ್ಕಲ್ಲ, 32 ಕೆಜಿಗೆ. ಸುಮ್ಮನೆ ಮಲಗಿದ್ದರೂ ಮೈಗೆ ಬೇಕಾಗುವ ಕ್ಯಾಲೊರಿಗೆ ಒಂದು ಸೂತ್ರ ಇದೆ: 32ರ 0.75 ಘಾತವನ್ನು 70ರಿಂದ ಗುಣಿಸಿದರೆ ದಿನಕ್ಕೆ ಸುಮಾರು 940 ಕ್ಯಾಲೊರಿ. ಡಾಕ್ಟ್ರಿಗೆ ತೋರಿಸಿ ಅಲ್ಲಿಂದಲೇ ಶುರು ಮಾಡಿದೆವು. ನಾಯಿ ಊಟವನ್ನು ಲೋಟದಲ್ಲಿ ಅಳೆಯುವುದು ಬಿಟ್ಟು ಅಡುಗೆಮನೆಯ ಚಿಕ್ಕ ತಕ್ಕಡಿಯಲ್ಲಿ ಗ್ರಾಂ ಲೆಕ್ಕದಲ್ಲಿ ತೂಗುತ್ತೇವೆ. ಲೋಟ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಥರ ತುಂಬುತ್ತೆ.

ಆದರೆ ನಿಜವಾದ ಕೆಲಸ ತಟ್ಟೆಯ ಹೊರಗಿತ್ತು. ತಿಂಡಿ ತುಣುಕು ಎಲ್ಲಾ ಸೇರಿ ದಿನದ ಕ್ಯಾಲೊರಿಯ 10 ಪರ್ಸೆಂಟ್ ದಾಟಬಾರದು. ಬ್ರೂನೊಗೆ ಅದು 94. ಒಂದು ದೊಡ್ಡ ಚಮಚ ಬೆಣ್ಣೆಯಲ್ಲೇ 100 ಇರುತ್ತೆ! ದಾವಣಗೆರೆ ಮನೆ, ಭಾನುವಾರ ಬೆಣ್ಣೆ ದೋಸೆ ಬರದೇ ಇರುತ್ತಾ? ಒಬ್ಬೊಬ್ಬರು ಒಂದೊಂದು ತುಂಡು ಹಾಕಿದರೆ ಮುಗೀತು. ಮಂಡಕ್ಕಿ ಹಗುರ ಅಲ್ವಾ ಅಂತ ಕೇಳಿದರು. ಒಗ್ಗರಣೆ ಮಂಡಕ್ಕಿಯಲ್ಲಿ ಈರುಳ್ಳಿ ಇರುತ್ತೆ, ಅದು ನಾಯಿಗೆ ವಿಷ.

ಈಗ ಬೆಳಿಗ್ಗೆ ಒಂದು ಸ್ಟೀಲ್ ಡಬ್ಬಿ ತುಂಬಿಡುತ್ತೇವೆ. ಸೌತೆಕಾಯಿ, ಬೇಯಿಸಿದ ಬೀನ್ಸ್, ಕ್ಯಾರೆಟ್, ಅವನ ಊಟದಿಂದಲೇ ತೆಗೆದ ಒಂದು ಹಿಡಿ ಡಾಗ್ ಫುಡ್ ಕಾಳು. ಯಾರು ಕೊಟ್ಟರೂ ಅದರಿಂದಲೇ. ಡಬ್ಬಿ ಖಾಲಿಯಾದರೆ ಅವತ್ತಿಗೆ ಮುಗಿಯಿತು. ಅಜ್ಜಿಗೆ ಇದು ಒಪ್ಪಿಗೆ ಇರಲಿಲ್ಲ. "ಹಸ್ದೈತಿ ನೋಡೋ, ಪಾಪ" ಅಂತಿದ್ದರು. ಅವರ ಮಾತಲ್ಲೂ ಸತ್ಯ ಇದೆ. ಸುಮಾರು ಕಾಲು ಭಾಗ ಲ್ಯಾಬ್ರಡಾರ್‌ಗಳಲ್ಲಿ ಪಿಒಎಂಸಿ ಅನ್ನೋ ಜೀನ್ ಬದಲಾಗಿರುತ್ತೆ, ಅವುಗಳಿಗೆ ತಿಂಡಿ ಆಸೆ ಜಾಸ್ತಿ ಅಂತ 2016ರಲ್ಲಿ ಕೇಂಬ್ರಿಡ್ಜ್ ಸಂಶೋಧಕರು ಕಂಡುಕೊಂಡರು. ಅಂಥ ನಾಯಿ ನಾಟಕ ಮಾಡುತ್ತಿಲ್ಲ, ಬೈಯಬಾರದು. ಈಗ ಡಬ್ಬಿಯ ಜವಾಬ್ದಾರಿ ಅಜ್ಜಿಯದೇ. ನಮಗಿಂತ ಬಿಗಿಯಾಗಿ ನೋಡಿಕೊಳ್ಳುತ್ತಾರೆ.

ವಾಕಿಂಗ್ ಕುಂದವಾಡ ಕೆರೆ ಏರಿ ಮೇಲೆ, ಬಿಸಿಲು ಏರುವ ಮೊದಲು. ದಪ್ಪ ನಾಯಿಗೆ ಸೆಕೆ ಬೇಗ ಹೊಡೆಯುತ್ತೆ. ಓಡಿಸುವುದಿಲ್ಲ, ಕೀಲಿಗೆ ಭಾರ.

ಪಕ್ಕದ ಮನೆಯವರು ಅವರ ಬೆಕ್ಕಿಗೂ ಹೀಗೇ ಮಾಡಬಹುದಾ ಅಂದರು. ಬೆಕ್ಕನ್ನು ಸುಮ್ನೆ ಉಪವಾಸ ಕೆಡವಬೇಡಿ. ಕೆಲವು ದಿನ ತಿನ್ನದಿದ್ದರೆ ದಪ್ಪ ಬೆಕ್ಕಿನ ಲಿವರ್‌ನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಅಪಾಯ. ಡಾಕ್ಟ್ರನ್ನು ಕೇಳಿಯೇ ಶುರು ಮಾಡಿ.

ಮುಂದಿನ ಗುರಿ 35. ಎರಡು ವಾರ ತೂಕ ನಿಂತರೆ ಡಾಕ್ಟ್ರ ಹತ್ತಿರ ಹೋಗಿ ಲೆಕ್ಕ ಮತ್ತೆ ಹಾಕಿಸುತ್ತೇವೆ.